ಹಸುಗೂಸಿಗೂ ಹಿತ

ನನ್ನ ತಂಗಿ ನಾಲ್ಕು ತಿಂಗಳ ಕೂಸನ್ನು ಎದೆಗವಚಿಕೊಂಡು ಕಮಲಾಪುರದ ದವಾಖಾನೆಯ ಮೆಟ್ಟಿಲು ಹತ್ತಿದ ಆ ಬೆಳಿಗ್ಗೆ, ಕೂಸಿನ ಮುಖಕ್ಕಿಂತ ಮೊದಲು ನನಗೆ ತಾಗಿದ್ದು ವಾಸನೆ. ನೀಲಗಿರಿ ಎಣ್ಣೆ, ಕರ್ಪೂರ, ಪುದೀನ ಸತ್ವ ಮೂರೂ ಕೂಡಿದ, ಕಣ್ಣಲ್ಲಿ ನೀರು ತರಿಸುವ ಘಾಟು. ಸೆರಗು ಸರಿಸಿ ನೋಡಿದೆ. ಕೂಸಿನ ತುಟಿ ನೀಲಿಗಟ್ಟಿತ್ತು. ಉಸಿರು ಒಮ್ಮೆ ಬಂದು ಗಂಟಲಲ್ಲೇ ಸಿಕ್ಕಿಕೊಂಡು, ಎಷ್ಟೋ ಹೊತ್ತಿನ ಮೇಲೆ ಇನ್ನೊಮ್ಮೆ ಬರುತ್ತಿತ್ತು.

“ಏನ್ ಹಾಕಿದಿ ಇದಕ್ಕ?”

“ನೆಗಡಿ ಆಗಿತ್ತಕ್ಕಾ. ಮೂಗ್ನಾಗ ಎರಡು ಹನಿ ಬಿಟ್ಟೀನಿ. ಸೀಸಿ ಮ್ಯಾಲ ಹಂಗೇ ಬರ್ದಾರ.”

ಹೈದರಾಬಾದಿನ ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆ ಆಗಿ ಒಂದು ವರ್ಷ ಕಳೆದಿತ್ತು. ನಾನು ಆ ದವಾಖಾನೆಯಲ್ಲಿ ನರ್ಸು. ಡಾಕ್ಟರು ಕಲಬುರ್ಗಿಯಿಂದ ವಾರಕ್ಕೆರಡು ದಿನ ಬರುತ್ತಿದ್ದರು. ಅವತ್ತು ಅವರ ದಿನವಲ್ಲ. ಎಳ್ಳೆಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಮೂಗಿನ ಅಂಚು ಒರೆಸಿದೆ. ನೀರಿಗೆ ಇಂಥ ಎಣ್ಣೆ ಜಗ್ಗುವುದಿಲ್ಲ, ಇನ್ನೊಂದು ಎಣ್ಣೆಗೇ ಬಿಡುವುದು. ಕೂಸನ್ನು ಮಗ್ಗುಲಿಗೆ ಹೊರಳಿಸಿ ಬಾಯಿಯ ಜೊಲ್ಲು ತೆಗೆದೆ. ಅಂಗಿ ಬಿಚ್ಚಿದೆ, ಏಕೆಂದರೆ ಎದೆಗೂ ಅದನ್ನೇ ಬಳಿದಿದ್ದರು. ಉಸಿರು ನಿಂತಾಗ ನನ್ನ ಬಾಯಿಂದ ಸಣ್ಣ ಸಣ್ಣ ಉಸಿರು ಊದಿದೆ. ಎರಡು ಸಲ ತಿರುಗಿ ಬಂತು. ಆಮೇಲೆ ಕೈಕಾಲು ಸೆಟೆದವು. ಮಧ್ಯಾಹ್ನದ ಮೋಟಾರಿಗೆ ಕಲಬುರ್ಗಿಯ ದೊಡ್ಡ ಆಸ್ಪತ್ರೆಗೆ ಹೊರಟೆವು. ಊರು ಮುಟ್ಟುವ ಮೊದಲೇ ನನ್ನ ತೊಡೆಯ ಮೇಲೆ ಕೂಸು ತಣ್ಣಗಾಯಿತು. ತಂಗಿಗೆ ಹೇಳಲಿಲ್ಲ. ಆಸ್ಪತ್ರೆಯ ಬಾಗಿಲವರೆಗೆ ಆಕೆ ಅದರ ಪಾದ ಉಜ್ಜುತ್ತಲೇ ಇದ್ದಳು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಅದಕ್ಕೆ ಒಂದು ವಾರ ಮೊದಲು ತಂಗಿ ದವಾಖಾನೆಗೆ ಬಂದು, ಮನೆಯಲ್ಲಿ ನೆಗಡಿಗೆ ಏನು ಇಟ್ಟುಕೊಳ್ಳಬೇಕೆಂದು ಕೇಳಿದ್ದಳು. ನಾನು ಪಟ್ಟಿ ಸುತ್ತುತ್ತಿದ್ದೆ. ತಲೆ ಎತ್ತದೆ “ನೀಲಗಿರಿ ಎಣ್ಣಿ ಛಲೋ ಇರ್ತದ, ತರಿಸ್ಕೋ” ಎಂದೆ. ಯಾರಿಗೆ, ಎಷ್ಟು, ಎಲ್ಲಿ ಹಚ್ಚಬೇಕು, ಯಾರಿಗೆ ಮುಟ್ಟಿಸಲೂ ಬಾರದು ಎಂದು ಹೇಳಲಿಲ್ಲ. ಆಕೆಗೆ ಕನ್ನಡದ ಅಕ್ಷರ ಕಲಿಸಿದವಳೂ ನಾನೇ. ನಮ್ಮ ಓಣಿಯ ಹೆಂಗಸರಲ್ಲಿ ಅಚ್ಚಾದ ಚೀಟಿ ಓದಬಲ್ಲವಳು ಆಕೆ ಒಬ್ಬಳೇ ಎಂದು ನನಗೆ ಹೆಮ್ಮೆಯಿತ್ತು.

ಮಣ್ಣು ಮಾಡಿ ಬಂದ ಮೂರನೆಯ ದಿನ ಆ ಸೀಸೆಯನ್ನು ಕೈಗೆತ್ತಿಕೊಂಡೆ. ಹೊಸ ಚೀಟಿ, ದಪ್ಪ ಕನ್ನಡ ಅಕ್ಷರ: “ಅಸಲಿ ಎಣ್ಣೆ. ನೆಗಡಿ, ಕೆಮ್ಮು, ತಲೆಶೂಲೆಗೆ ಮೂಗಿನಲ್ಲಿ ಎರಡು ಹನಿ. ಹಸುಗೂಸಿಗೂ ಹಿತ.” ಕೆಳಗೆ ಬ್ರಹ್ಮಪುರದ ಒಂದು ಅಂಗಡಿಯ ಗುರುತು. ಅಳು ಆಗಲೇ ನಿಂತಿತ್ತು. ಇದನ್ನು ಬರೆದವನಿಗೆ ಏನು ಮಾಡಬೇಕೆಂಬ ಯೋಚನೆ ಅಳುವಿನ ಜಾಗಕ್ಕೆ ಬಂದು ಕುಳಿತಿತ್ತು. ಊಟ ಮಾಡುವಾಗ, ಗಾಯ ತೊಳೆಯುವಾಗ, ಸೂಜಿ ಕುದಿಸುವಾಗ ಅದನ್ನೇ ಯೋಚಿಸುತ್ತಿದ್ದೆ. ಅದರಿಂದ ನನಗೆ ಬಲ ಬರುತ್ತಿತ್ತೆಂದು ಹೇಳಲು ನಾಚಿಕೆಯಿಲ್ಲ.

ರಜೆ ಹಾಕಿ ಕಲಬುರ್ಗಿಗೆ ಹೋದೆ. ಅಂಗಡಿ ಶರಣಬಸವೇಶ್ವರ ಗುಡಿಯ ಕಡೆಯಿಂದ ಬ್ರಹ್ಮಪುರಕ್ಕೆ ತಿರುಗುವ ದಾರಿಯಲ್ಲಿತ್ತು. ಗುಡಿಗೆ ಬಂದವರು ಊದಿನಕಡ್ಡಿ, ವಿಭೂತಿ ಕೊಳ್ಳುವಾಗ ಒಂದು ಸೀಸೆ ಎಣ್ಣೆಯನ್ನೂ ಒಯ್ಯುತ್ತಿದ್ದರು. ಎದುರಿನ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ನೋಡಿದೆ. ಗೋಡೆಯುದ್ದಕ್ಕೂ ಸೀಸೆಗಳು, ಮೂಲೆಯಲ್ಲಿ ದೇವರ ದೀಪ. ಈ ಜಾತಿಯ ಎಣ್ಣೆ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ಸೀಸೆ ಆ ದೀಪದ ಹತ್ತಿರ ಒಡೆದರೆ ಸಾಕಿತ್ತು. ಅಷ್ಟರಲ್ಲಿ ಒಳಮನೆಯಿಂದ ಒಬ್ಬ ಬಸುರಿ ಸೊಸೆ ತಂಬಿಗೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಅಂಗಡಿಯ ಹಿಂದೆಯೇ ಮನೆಯಿತ್ತು. ಬೆಂಕಿಯ ಯೋಚನೆ ಅಲ್ಲೇ ಬಿಟ್ಟು, ಎದ್ದು ಒಳಗೆ ಹೋದೆ.

ಸಾವುಕಾರ ಐವತ್ತರ ಆಸುಪಾಸಿನವನು. ಹಣೆ ತುಂಬ ವಿಭೂತಿ, ಮೆತ್ತನೆಯ ಮಾತು. ಸೀಸೆಯನ್ನು ಅವನ ಮುಂದಿಟ್ಟು ನಡೆದದ್ದನ್ನು ಹೇಳಿದೆ. ಅವನು ಕಣ್ಣು ಮುಚ್ಚಿ, ಶಿವ ಶಿವಾ ಎಂದ. ಆಮೇಲೆ ದನಿ ಇಳಿಸಿದ.

“ಈ ಎಣ್ಣಿ ನನ್ನ ಕೈದಲ್ಲವ್ವಾ. ನಮ್ಮ ಅಂಗಡ್ಯಾಗ ಒಬ್ಬಾಂವ ಹಕೀಮ ಇದ್ದ. ಕೂಡಸೋದು, ತುಂಬೋದು ಎಲ್ಲಾ ಅವಂದೇ. ಗದ್ದಲದಾಗ ರಜಾಕಾರ್ರ ಜೋಡಿ ಓಡ್ಯಾಡ್ಯಾನಂತ ಹೊರಗ ಹಾಕೀನಿ. ಹೋಗೂ ಮುಂದ ಏನ್ ಬೆರಸಿಟ್ಟು ಹೋಗ್ಯಾನೋ ಯಾರಿಗೊತ್ತು?”

“ಚೀಟಿ?”

“ಚೀಟಿ ಅವಾ ಹೇಳ್ದಂಗೇ ಹಾಕ್ಸೀನಿ. ನೀವೊಂದು ಅರ್ಜಿ ಬರೀರಿ ನರ್ಸಬಾಯಿ. ಸಾಕ್ಷಿ ನಾ ಹೇಳ್ತೀನಿ. ಈಗಿನ ದಿನದಾಗ ಅವನ್ನ ಹಿಡ್ಕೊಂಡು ಹೋಗಾಕ ಅಷ್ಟೇ ಸಾಕು.”

ಅದು ನಿಜವಾಗಿತ್ತು. ಆ ವರ್ಷ ಒಬ್ಬನ ಹೆಸರಿನ ಮುಂದೆ ರಜಾಕಾರ ಎಂಬ ಮಾತು ಸೇರಿಸಿದರೆ ಆಮೇಲೆ ಯಾರೂ ಏನೂ ಕೇಳುತ್ತಿರಲಿಲ್ಲ. ನಿಜಾಮರ ಪರವಾಗಿ ಹಿಂಸೆಗಿಳಿದಿದ್ದ ರಜಾಕಾರರು ನಮ್ಮ ಓಣಿಗೆ ನುಗ್ಗಿ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನನ್ನ ಅಣ್ಣನ ಬಲಗೈ ಅಂದಿನಿಂದ ಮೇಲೇಳುತ್ತಿರಲಿಲ್ಲ. ಹಾಗಾಗಿ ಆ ಮಾತು ನನ್ನೊಳಗೆ ಬಿದ್ದದ್ದು ಒಣಗಿದ ಹುಲ್ಲಿನ ಮೇಲೆ. ಅಲ್ಲೇ, ಅವನ ಮೇಜಿನ ಮೇಲೆಯೇ, ಉರ್ದುವಿನಲ್ಲಿ ಅರ್ಜಿ ಬರೆದೆ. ನಿಜಾಮರ ಕಾಲದ ಸಾಲೆಯಲ್ಲಿ ಕಲಿತವಳು ನಾನು. ಕಚೇರಿಯಲ್ಲಿ ಇನ್ನೂ ಉರ್ದುವೇ ನಡೆಯುತ್ತಿತ್ತು. ಹಕೀಮನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದೆ.

ಕಚೇರಿ ಸಂಜೆಯವರೆಗೆ ತೆರೆದಿರುತ್ತಿತ್ತು. ಅರ್ಜಿ ಕೊಡುವ ಮೊದಲು ಆ ಮನುಷ್ಯನ ಮುಖ ನೋಡಬೇಕೆನಿಸಿತು. ಕನಿಕರಕ್ಕಲ್ಲ. ಅವನನ್ನು ಎಳೆದೊಯ್ಯುವ ದಿನ ಯಾರನ್ನು ಕಣ್ಣಮುಂದೆ ತಂದುಕೊಳ್ಳಬೇಕೆಂದು ನನಗೆ ಗೊತ್ತಿರಬೇಕಿತ್ತು.

ದರ್ಗಾದ ಕಡೆಯ ಒಂದು ಗಲ್ಲಿಯಲ್ಲಿ ಹಕೀಮನ ಮನೆ. ಬಹಳ ಹೊತ್ತು ಬಡಿದ ಮೇಲೆ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಬಿಳಿ ಗಡ್ಡದ, ಕುಗ್ಗಿದ ದೇಹದ ಮುದುಕ. ನನ್ನ ಬಿಳಿ ಸೀರೆ ಕಂಡು ಸ್ವಲ್ಪ ಧೈರ್ಯ ಬಂದಿರಬೇಕು.

“ಯಾರಿಗ್ಯಾದ್ರೂ ಹುಷಾರಿಲ್ಲೇನು ಬೇಟಿ?”

ನಾನು ಸೀಸೆ ಚಾಚಿದೆ. ಅವರು ಬೂಚು ತೆಗೆದು ದೂರದಿಂದಲೇ ಮೂಸಿ, ಥಟ್ಟನೆ ಮುಖ ತಿರುಗಿಸಿದರು. ಚೀಟಿಯ ಕನ್ನಡ ಅವರಿಗೆ ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳಿದೆ. “ಹಸುಗೂಸಿಗೂ” ಎನ್ನುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು.

“ಯಾ ಅಲ್ಲಾ. ಕಿತ್ನೆ? ಎಷ್ಟು ಕೂಸಿಗೆ ಹಾಕ್ಯಾರ?”

“ನನಗ ಗೊತ್ತಿದ್ದದ್ದು ಒಂದು. ನನ್ನ ತಂಗಿ ಮಗಳು.”

ಅವರು ಒಳಗೆ ಹೋಗಿ ಹಳೆಯ ಪೆಟ್ಟಿಗೆಯಿಂದ ಅದೇ ಅಂಗಡಿಯ ಇನ್ನೊಂದು ಸೀಸೆ ತಂದರು. ಅದರ ಮೇಲೆ ಉರ್ದು ಚೀಟಿ. ನಾನೇ ಓದಿದೆ. ಹೊರಗೆ ಹಚ್ಚಲು ಮಾತ್ರ. ಮೂಗು, ಬಾಯಿ, ಕಣ್ಣಿಗೆ ಸೋಕಿಸಬಾರದು. ಎರಡು ವರ್ಷದೊಳಗಿನ ಮಕ್ಕಳಿಂದ ದೂರವಿಡಿ. ಒಂದೊಂದು ಮಾತೂ ಸ್ಪಷ್ಟವಾಗಿತ್ತು. ನಮ್ಮ ಕಡೆಯ ಹೆಂಗಸರು ಯಾರೂ ಓದಲಾರದ ಲಿಪಿಯಲ್ಲಿ, ಆದರೂ ಇತ್ತು.

“ಈಗ ಇದು ನೋಡು” ಎಂದು ಅವರು ಒಂದು ಬಿಳಿ ಕಾಗದ ಬಿಡಿಸಿದರು. ಹಳೆಯ ಸೀಸೆಯಿಂದ ಒಂದು ಹನಿ, ಹೊಸದರಿಂದ ಒಂದು ಹನಿ ಬಿಟ್ಟು ಕಿಟಕಿಯ ಬಿಸಿಲಿಗಿಟ್ಟರು. ನಾವಿಬ್ಬರೂ ಎದುರುಬದುರು ಕುಳಿತು ಕಾದೆವು. ಬಹಳ ಹೊತ್ತಾದ ಮೇಲೆ ನೋಡಿದರೆ ಹಳೆಯ ಹನಿಯ ಜಾಗದಲ್ಲಿ ಜಿಡ್ಡಿನ ಕಲೆ ಉಳಿದಿತ್ತು. ಹೊಸ ಹನಿ ಪೂರ್ತಿ ಆರಿ, ಕಾಗದ ಬೆಳ್ಳಗಾಗಿತ್ತು.

“ನಾ ಮಾಡಿದ್ದರಾಗ ಎಳ್ಳೆಣ್ಣಿನೇ ಭಾಳ. ತೇಜ್ ಎಣ್ಣಿ ಹೆಸರಿಗೆ ಅಷ್ಟೇ. ಅದಕ್ಕೇ ಕಲೆ. ಹೊಸದ್ರಾಗ ಎಳ್ಳೆಣ್ಣಿ ಒಂದು ಹನಿನೂ ಇಲ್ಲ. ಕರ್ಪೂರ, ಪುದೀನ ಸತ್, ಓಮಿನ ಸತ್ ಮೂರೂ ಕೂಡಿಸಿದ್ರ ತಾವೇ ಕರಗಿ ನೀರಾಗ್ತಾವ. ಅದಕ್ಕ ನೀಲಗಿರಿ ಎಣ್ಣಿ ಸುರುವಿ ತುಂಬ್ಯಾರ. ಖಾಲಿಸ್ ಅದ, ಅಸಲಿ ಅದ. ಅಸಲಿ ಇದ್ದಷ್ಟೂ ಖತರ್ನಾಕ್. ಸಾವುಕಾರಗ ಹತ್ತು ಸಲ ಹೇಳೀನಿ. ಮಂದಿಗೆ ಮೂಗು ಉರಿಬೇಕು, ಉರಿದ್ರೇ ಔಷಧ ಅಂತಾರ, ನಿನ್ನ ಎಣ್ಣಿ ಸಪ್ಪಗದ ಅಂದ. ನಾ ಇರೂತನ ಮಾಡಗೊಡಲಿಲ್ಲ. ಆಮ್ಯಾಲ ಗದ್ದಲ ಆತು, ನನ್ನ ಹೊರಗ ಹಾಕಾಕ ಅವಗ ಬ್ಯಾರೆ ಕಾರಣ ಬೇಕಾಗ್ಲಿಲ್ಲ.”

ಕುಪ್ಪಸದಲ್ಲಿ ಮಡಿಚಿಟ್ಟ ಅರ್ಜಿ ನನ್ನ ಮೈಗೆ ಚುಚ್ಚುತ್ತಿತ್ತು. ಸಾವುಕಾರ ನನ್ನ ಸಿಟ್ಟನ್ನೇ ಕೂಲಿಗೆ ಹಚ್ಚಿದ್ದ. ಇನ್ನೊಂದು ತಾಸಿನಲ್ಲಿ ನಾನು ಈ ಮುದುಕನನ್ನು ಮುಗಿಸಿ, ಸಮಾಧಾನದಿಂದ ಊರಿಗೆ ಹೋಗಿ, ತಂಗಿಗೆ “ಮುಯ್ಯಿ ತೀರ್ತು” ಎಂದು ಹೇಳಿಬಿಡುತ್ತಿದ್ದೆ. ಬ್ರಹ್ಮಪುರದಲ್ಲಿ ಸೀಸೆ ತುಂಬುತ್ತಲೇ ಇರುತ್ತಿತ್ತು. ಅರ್ಜಿ ತೆಗೆದು ಅವರ ಕೈಗೇ ಕೊಟ್ಟೆ. ಅವರು ಓದಿದರು. ಎದ್ದು ಮಸಿಕುಡಿಕೆ ತಂದು ನನ್ನ ಮುಂದಿಟ್ಟರು. ಅವರ ಹೆಸರಿಗೆ ಗೀಟು ಹೊಡೆದೆ. ಆಮೇಲೆ ಆ ಕಾಗದವೇ ಬೇಡವೆನಿಸಿ ಹೊಸ ಹಾಳೆಯಲ್ಲಿ ಮೊದಲಿಂದ ಬರೆದೆ. ನನ್ನ ಸಿಟ್ಟು ಕಡಿಮೆಯಾಗಿರಲಿಲ್ಲ. ಅದಕ್ಕೆ ಈಗ ಸರಿಯಾದ ಮನೆ ಸಿಕ್ಕಿತ್ತು.

ಸಾಕ್ಷಿ ಗಟ್ಟಿ ಇರಬೇಕೆಂದು ಮುಂದಿನ ದಿನಗಳನ್ನೆಲ್ಲ ಅದಕ್ಕೇ ಕೊಟ್ಟೆ. ಅದೇ ಅಂಗಡಿಯಿಂದ ಬೇರೆ ಬೇರೆಯವರ ಕೈಯಲ್ಲಿ ಸೀಸೆ ತರಿಸಿ ಪ್ರತಿಯೊಂದನ್ನೂ ಕಾಗದದ ಮೇಲೆ ಪರೀಕ್ಷಿಸಿದೆ. ಯಾವುದೂ ಕಲೆ ಉಳಿಸಲಿಲ್ಲ. ಹಕೀಮರ ಎಣ್ಣೆಯನ್ನು ನನ್ನ ಎಡಗೈ ಮೊಣಕೈಯ ಒಳಮಗ್ಗುಲಿಗೆ, ಅಂಗಡಿಯದನ್ನು ಬಲಗೈಗೆ ಹಚ್ಚಿ, ಬಟ್ಟೆ ಸುತ್ತಿ ಒಂದು ದಿನ ಬಿಟ್ಟೆ. ಎಡಗೈಯಲ್ಲಿ ಏನೂ ಆಗಲಿಲ್ಲ. ಬಲಗೈ ಕೆಂಪಗೆ ಬಾತು, ಮರುದಿನ ಗುಳ್ಳೆ ಎದ್ದಿತು. ಕಲಬುರ್ಗಿಯ ಡಾಕ್ಟರು ಬಂದ ದಿನ ಅದನ್ನು ನೋಡಿ ಕಾಗದದ ಮೇಲೆ ಬರೆದುಕೊಟ್ಟರು. ಮನೆಮನೆಗೆ ಹೋಗಿ ಕೇಳಿದೆ. ಕಮಲಾಪುರದಲ್ಲೇ ಇನ್ನೊಂದು ಕೂಸಿಗೆ ಹನಿ ಬಿಟ್ಟಿದ್ದರು. ಅದು ಹೇಗೋ ಉಳಿದಿತ್ತು. ಅದರ ಅಜ್ಜಿ ಬಾಳೆಯ ತೋಟದಲ್ಲಿ ಕೂಲಿ ಮಾಡುತ್ತಿದ್ದವಳು. “ದೇವರ ಆಟ ಅಂತ ಸುಮ್ಮಕಾದ್ವಿ ಬಾಯಿ” ಎಂದಳು. ಸಾಕ್ಷಿಗೆ ಬರಲು ಹೆದರಿದಳು. ಅಂಥ ಸಾವುಕಾರರ ಮುಂದೆ ನಮ್ಮ ಓಣಿಯವರು ನಿಂತು ಮಾತಾಡಿದ್ದೇ ಇಲ್ಲ. ಎರಡು ಸಲ ಹೋದೆ. ಮೂರನೆಯ ಸಲ ಅವಳೇ ಸೆರಗು ಹೊದ್ದು ಮೋಟಾರಿನ ಹತ್ತಿರ ಬಂದು ನಿಂತಿದ್ದಳು.

ತಂಗಿಯನ್ನು ಕರೆದಾಗ ಆಕೆ ಬರಲಿಲ್ಲ. “ಅವಗ ಏನ್ ಮಾಡಿದ್ರೂ ಹನಿ ಬಿಟ್ಟ ಕೈ ನಂದೇ ಅಲ್ಲೇನಕ್ಕಾ” ಎಂದಳು. ಎಣ್ಣೆ ತರಿಸಿಕೋ ಎಂದು ಹೇಳಿದ ಬಾಯಿ ನನ್ನದು ಎನ್ನದೆ, ಸೀಸೆಗಳನ್ನು ಚೀಲಕ್ಕೆ ತುಂಬಿದೆ.

ವಿಚಾರಣೆ ಕಲಬುರ್ಗಿಯ ಕಚೇರಿಯಲ್ಲಿ. ತಹಶೀಲ್ದಾರರು, ಅವರ ಪಕ್ಕದಲ್ಲಿ ಹೈದರಾಬಾದಿನಿಂದ ಬಂದ ಒಬ್ಬ ವೈದ್ಯಾಧಿಕಾರಿ. ಸಾವುಕಾರ ಹತ್ತು ಜನರನ್ನು ಕರೆದುಕೊಂಡು ಬಂದಿದ್ದ. ಹಕೀಮರು ಬಾಗಿಲ ಬದಿಯಲ್ಲಿ ಕೋಲೂರಿ ನಿಂತಿದ್ದರು. ಅವರನ್ನು ನೋಡಿ ಹಿಂದಿನವರು ಏನೋ ಗೊಣಗಿದರು. ತಹಶೀಲ್ದಾರರು ಮೇಜು ಕುಟ್ಟಿದ ಮೇಲೆ ಸುಮ್ಮನಾದರು.

ಸಾವುಕಾರ ಮತ್ತೆ ಹಕೀಮರ ಹೆಸರೇ ಹೇಳಿದ. ಹಳೆಯ ಉರ್ದು ಚೀಟಿಯನ್ನು ಮೇಜಿನ ಮೇಲಿಟ್ಟೆ. ಅಧಿಕಾರಿ ಗಟ್ಟಿಯಾಗಿ ಓದಿದರು. “ಇದು ಹಕೀಮರು ಇದ್ದಾಗಿನ ಚೀಟಿ. ಅವರನ್ನ ಹೊರಗ ಹಾಕಿದ ಮ್ಯಾಲಿಂದು ಇದು” ಎಂದು ಕನ್ನಡದ್ದನ್ನು ನಾನು ಓದಿದೆ. ಎರಡೂ ಸೀಸೆಯ ಹನಿಯನ್ನು ಕಾಗದದ ಮೇಲೆ ಬಿಟ್ಟು ಬಿಸಿಲಿಗಿಟ್ಟೆ. ಬಲಗೈಯ ಗುಳ್ಳೆಯ ಕಲೆ ತೋರಿಸಿದೆ. ಸಾವುಕಾರನಿಗೆ ಇನ್ನೂ ಸೋಲು ಕಂಡಿರಲಿಲ್ಲ.

“ಸುದ್ದ ಮಾಲ್ರೀ ಸರ್ಕಾರ್. ಕಲಬೆರಕಿ ಇಲ್ಲಂತ ಇವರೇ ಕಾಗದದ ಮ್ಯಾಲ ತೋರ್ಸಲಾಕತ್ತಾರ. ಸುದ್ದ ಎಣ್ಣಿ ಕೂಸಿಗೆ ಏನ್ ಮಾಡ್ತದ? ಏನೂ ಮಾಡಂಗಿಲ್ಲ.”

ಈ ಮಾತಿಗಾಗಿಯೇ ನಾನು ವಾರಗಟ್ಟಲೆ ಕಾದಿದ್ದೆ. ಹೊಸ ಸೀಸೆಯ ಬೂಚು ತೆಗೆದು ಹನಿ ಬಿಡುವ ಕೊಳವೆಯೊಂದಿಗೆ ಅವನ ಕೈಗೆ ಕೊಟ್ಟೆ.

“ಹಂಗಾದ್ರ ನಿಮ್ಮ ಮೂಗ್ನಾಗ ಎರಡು ಹನಿ ಬಿಟ್ಕೊಳ್ರಿ ಸಾವುಕಾರ್ರೇ. ಚೀಟಿ ಮ್ಯಾಲ ಬರ್ದಂಗೇ.”

ಅವನು ನಕ್ಕ. ಕೊಳವೆಯನ್ನು ಮೂಗಿನವರೆಗೆ ಎತ್ತಿದ. ಘಾಟಿಗೆ ಕಣ್ಣಲ್ಲಿ ನೀರು ಬಂತು. ಕೈ ಅಲ್ಲಿಯೇ ನಿಂತಿತು. ನಾನು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವನು ಹಿಂದಿದ್ದ ತನ್ನ ಜನರನ್ನು ನೋಡಿದ, ತಹಶೀಲ್ದಾರರನ್ನು ನೋಡಿದ. ಕೊಳವೆ ಕೆಳಗಿಳಿಸಿದ.

“ನನಗೇನ್ ನೆಗಡಿ ಇಲ್ರಲ್ಲ” ಎಂದ.

ಹಿಂದಿನಿಂದ ಬಾಳೆ ತೋಟದ ಅಜ್ಜಿ ಎದ್ದು ನಿಂತಳು. ಅವಳಿಗೆ ಯಾರೂ ಮಾತಾಡೆಂದು ಹೇಳಿರಲಿಲ್ಲ. “ನಮ್ಮ ಕೂಸು ಬ್ಯಾಡ ಅನ್ನಾಕ ಬಾಯಿ ಇದ್ದಿದ್ದಿಲ್ಲೋ ಯಪ್ಪಾ” ಎಂದಳು. ಇಡೀ ವಿಚಾರಣೆಯಲ್ಲಿ ಆಕೆಯ ಸಾಕ್ಷಿ ಅಷ್ಟೇ.

ಅಂಗಡಿಯಲ್ಲಿದ್ದ ಸೀಸೆಗಳನ್ನೆಲ್ಲ ಜಪ್ತಿ ಮಾಡಿ, ಊರ ಹೊರಗೆ ಗುಂಡಿ ತೋಡಿಸಿ ಹೂಳಿಸಿದರು. ನಾನು ನಿಂತು ನೋಡಿದೆ. ಗುಂಡಿಯ ಘಾಟಿಗೆ ಕೂಲಿಯವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರು. ನನಗೆ ಅದು ಸಾಲಲಿಲ್ಲ. ಅವನನ್ನು ಜೈಲಿಗೆ ಹಾಕುತ್ತಾರೆ, ಅಂಗಡಿಗೆ ಕೀಲಿ ಬೀಳುತ್ತದೆ ಎಂದುಕೊಂಡಿದ್ದೆ. ದಂಡ ಹಾಕಿ, ಇನ್ನು ಮುಂದೆ ಹಳೆಯ ಹದದಲ್ಲಿ ಎಳ್ಳೆಣ್ಣೆ ಬೆರೆಸಿಯೇ ಮಾರಬೇಕು, ಕನ್ನಡದಲ್ಲಿ ಎಚ್ಚರಿಕೆ ಹಾಕಬೇಕು ಎಂದು ಹುಕುಂ ಬರೆದರು. ಆ ಎಚ್ಚರಿಕೆಯನ್ನು ಬರೆದುಕೊಡುವ ಕೆಲಸ ನನಗೇ ಬಂತು. ಮೊದಲು ಒಲ್ಲೆನೆಂದೆ. ಅವನ ಸೀಸೆಗೆ ನಾನೇಕೆ ಅಕ್ಷರ ಬರೆಯಲಿ? “ನೀ ಬರೀದಿದ್ರ ಅವನೇ ಬರೀತಾನ ಬೇಟಿ” ಎಂದರು ಹಕೀಮರು. ಅಲ್ಲಿಗೆ ಮುಗಿಯಿತು.

ಬರೆದೆ. ಅವನು ಮತ್ತೆ ಹದ ತಪ್ಪಿಸಿದರೂ ಕೇಡಾಗದಿರಲೆಂದು ಹೀಗೆ: ಹನಿಯನ್ನು ನೇರ ಮೈಗೆ ಹಚ್ಚಬೇಡಿ; ಒಂದು ದೊಡ್ಡ ಚಮಚ ಎಳ್ಳೆಣ್ಣೆಗೋ ಕೊಬ್ಬರಿ ಎಣ್ಣೆಗೋ ಎರಡು ಹನಿ ಬೆರೆಸಿ, ದೊಡ್ಡವರ ಬೆನ್ನಿಗೆ, ಎದೆಗೆ ಮಾತ್ರ. ಮೊದಲು ಮೊಣಕೈಯ ಒಳಗೆ ಹಚ್ಚಿ ಒಂದು ದಿನ ನೋಡಿ. ಮೂಗು, ಬಾಯಿ, ಕಣ್ಣಿಗೆ ಎಂದೂ ಬೇಡ. ಕೂಸಿಗೆ ಬೇಡವೇ ಬೇಡ; ಬಸುರಿಯರು ಕೇಳದೆ ಹಚ್ಚಬೇಡಿ. ಒಲೆ, ಚಿಮಣಿಯ ಹತ್ತಿರ ಇಡಬೇಡಿ. ಮಕ್ಕಳ ಕೈಗೆ ಎಟುಕದಂತೆ ಇಡಿ. ಯಾರಾದರೂ ಕುಡಿದರೆ ವಾಂತಿ ಮಾಡಿಸಬೇಡಿ, ಹೊರಬರುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೂಡಲೇ ದವಾಖಾನೆಗೆ ತನ್ನಿ. ಚೀಟಿ ಚಿಕ್ಕದು, ಮಾತು ಬಹಳ. ಅಚ್ಚಿನವನು ಎರಡು ಸಾಲು ಬಿಡಿ ಎಂದ. ಹೊಗಳಿಕೆಯ ಸಾಲು ಬಿಡು ಎಂದೆ.

ಓದಲಾರದವರಿಗೆ ಚೀಟಿ ಇದ್ದರೂ ಒಂದೇ, ಬಿಟ್ಟರೂ ಒಂದೇ. ಹಾಗಾಗಿ ವಾರಕ್ಕೊಮ್ಮೆ ದವಾಖಾನೆಯ ಪಡಸಾಲೆಯಲ್ಲಿ ಹೆಂಗಸರನ್ನು ಕೂಡಿಸಿ ಓದಿ ಹೇಳುತ್ತಿದ್ದೆ, ಚಮಚ, ಎಣ್ಣೆ ಹಿಡಿದು ಮಾಡಿ ತೋರಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಮೊದಮೊದಲು ಅದನ್ನು ಸೇವೆಯೆಂದು ಮಾಡಲಿಲ್ಲ. ಎಚ್ಚರಿಕೆ ಕೇಳಿದವರು ಹೆದರಿ ಅವನ ಸೀಸೆ ಬಿಡುತ್ತಾರೆ, ಒಂದೊಂದು ಮನೆಯಿಂದ ಅವನನ್ನು ಹೊರಹಾಕುತ್ತೇನೆ ಎಂಬ ಲೆಕ್ಕ ನನ್ನದು. ಆದದ್ದು ಬೇರೆ. “ಖರೇ ಬರದಾನ ನೋಡು, ಮುಚ್ಚಿಡಂಗಿಲ್ಲ” ಎಂದು ಜನ ಅವನದನ್ನೇ ಹುಡುಕಿ ಕೊಳ್ಳತೊಡಗಿದರು. ಬೀದರಿನ ದಾರಿಯ ಊರುಗಳಿಗೂ ಅವನ ಸೀಸೆ ಹೋಯಿತು. ನನ್ನ ಮಾತು ಹೊತ್ತುಕೊಂಡು ಅವನು ಬೆಳೆದ. ಅದನ್ನು ಕೇಳಿದ ದಿನ ದವಾಖಾನೆಯ ಹಿತ್ತಲಲ್ಲಿ ನಿಂತು ಗೋಡೆಗೆ ಮುಷ್ಟಿಯಿಂದ ಗುದ್ದಿದ್ದೇನೆ. ಆದರೂ ಹೆಂಗಸರ ಆ ಕೂಟ ನಿಲ್ಲಿಸಲಿಲ್ಲ. ಆ ವರ್ಷಗಳಲ್ಲಿ ಆ ಘಾಟು ಹೊತ್ತ ಕೂಸು ಮತ್ತೊಂದು ನನ್ನ ಮೆಟ್ಟಿಲು ಹತ್ತಲಿಲ್ಲ. ತಂಗಿಯೂ ಕೊನೆಕೊನೆಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದಳು. ಒಂದು ದಿನ ನನಗೆ ಕೆಮ್ಮು ಬಂದು ದನಿ ನಿಂತಾಗ ಚೀಟಿ ಇಸಿದುಕೊಂಡು ಉಳಿದದ್ದನ್ನು ಆಕೆಯೇ ಓದಿದಳು.

ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರಿದ ವರ್ಷ ಸಾವುಕಾರ ಕಮಲಾಪುರಕ್ಕೆ ಬಂದ. ತಲೆ ಪೂರ್ತಿ ನರೆತಿತ್ತು. ಕೂಟ ನಡೆದಿತ್ತು; ಪಡಸಾಲೆ ತುಂಬ ಹೆಂಗಸರಿದ್ದರು. ತಟ್ಟೆಯಲ್ಲಿ ಸೀರೆ, ಹಣ್ಣು ಇಟ್ಟುಕೊಂಡು ಮೆಟ್ಟಿಲ ಕೆಳಗೆ ನಿಂತ.

“ನಿಮ್ಮಿಂದ ನನಗ ಒಳ್ಳೇದೇ ಆತು ನರ್ಸಬಾಯಿ. ಹಿಂದಿಂದು ಮನಸ್ನಾಗ ಇಟ್ಕೋಬ್ಯಾಡ್ರಿ. ಇದು ತಗೋರಿ.”

“ಆ ಕೂಸಿನ ಹೆಸರೇನ್ರಿ?” ಎಂದೆ.

ಅವನು ನನ್ನನ್ನೇ ನೋಡಿದ. ಏಳು ವರ್ಷದಲ್ಲಿ ಅರ್ಜಿ, ಹುಕುಂ, ಚೀಟಿ ಎಲ್ಲವನ್ನೂ ಓದಿದವನು. ಅವನಿಗೆ ಗೊತ್ತಿರಲಿಲ್ಲ.

“ಹೆಸರು ಹೇಳ್ರಿ, ತಟ್ಟಿ ಇಸ್ಕೋತೀನಿ.”

ಅವನು ತಲೆ ತಗ್ಗಿಸಿದ. ಹಿಂದಿನ ಸಾಲಿನಿಂದ ನನ್ನ ತಂಗಿ ಎದ್ದು ಮೆಟ್ಟಿಲವರೆಗೆ ನಡೆದು ಬಂದಳು. ಆಕೆ ಅವನನ್ನು ಕಂಡದ್ದು ಅದೇ ಮೊದಲು.

“ಚಂದಮ್ಮ” ಎಂದಳು.

ಅವನು ತುಟಿಯೊಳಗೇ ಅಂದ. ಕೇಳಲಿಲ್ಲ, ಗಟ್ಟಿ ಅನ್ನಿರಿ ಎಂದೆ. ಅವನು ಅಂದ. ಇನ್ನೊಮ್ಮೆ ಎಂದೆ. ಎಲ್ಲರಿಗೂ ಕೇಳುವಂತೆ ಅಂದ. ತಟ್ಟೆಯನ್ನು ನಾವು ಇಸಿದುಕೊಳ್ಳಲಿಲ್ಲ. ಅದನ್ನು ಹಿಡಿದುಕೊಂಡೇ ಅವನು ಮೋಟಾರು ನಿಲ್ಲುವ ಕಡೆಗೆ ಬಿಸಿಲಲ್ಲಿ ನಡೆದುಹೋದ.